ಹದ ಬಂದಿದೆ, ಗಾಡಿ ಸ್ಟಾರ್ಟ್ ಆಗ್ತಿಲ್ಲ

ಮೇ ಮೊದಲ ವಾರ ಒಂದು ರಾತ್ರಿ ಭರಣಿ ಮಳೆ ಹೊಡೆಯಿತು. ಬೆಳಿಗ್ಗೆ ಹೊಲಕ್ಕೆ ಹೋಗಿ ಕೆದಕಿ ನೋಡಿದರೆ ಮಣ್ಣು ಗೇಣುದ್ದ ನೆನೆದಿತ್ತು. ನಮ್ಮದು ಅರಸೀಕೆರೆ ಕಡೆಯ ಕೆಂಪು ಮಣ್ಣು. ಹದ ನಿಲ್ಲೋದು ಮೂರು ದಿನ, ಜಾಸ್ತಿ ಅಂದ್ರೆ ನಾಲ್ಕು. ಅಷ್ಟರಲ್ಲಿ ಒಂದು ಸಾಲು ಉಳುಮೆ ಆಗಿ ಹೆಸರು, ಅಲಸಂದೆ ಬಿದ್ದುಬಿಡಬೇಕು.

ಟ್ರ್ಯಾಕ್ಟರ್ ಕೊನೆಯದಾಗಿ ಓಡಿದ್ದು ಜನವರಿಯಲ್ಲಿ, ರಾಗಿ ಕಣದ ಕೆಲಸಕ್ಕೆ. ಆಮೇಲೆ ನಾಲ್ಕು ತಿಂಗಳು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತು. ಅವತ್ತು ಹತ್ತಿ ಕೂತು ಕೀ ತಿರುಗಿಸಿದೆ. ‘ಟಕ್’ ಅಂತ ಒಂದು ಸದ್ದು, ಅಷ್ಟೆ. ಇನ್ನೊಂದು ಸಲ ತಿರುಗಿಸಿದೆ. ಈ ಸಲ ಆ ‘ಟಕ್’ ಕೂಡ ಬರಲಿಲ್ಲ.

ಅವತ್ತಿನಿಂದ ನಾಲ್ಕು ದಿನ ನಡೆದ ಕಥೆ ಇದು. ನಾನು ಮೆಕ್ಯಾನಿಕ್ ಅಲ್ಲ. ಒಂದು ಮಲ್ಟಿಮೀಟರ್, ಒಂದು ಸೆಟ್ ಸ್ಪ್ಯಾನರ್, ಪಕ್ಕದಲ್ಲಿ ನಿಂತು ಸಲಹೆ ಕೊಡೋಕೆ ಅಪ್ಪ ಮತ್ತು ದೊಡ್ಡಪ್ಪ. ನನ್ನ ವರ್ಕ್‌ಶಾಪ್ ಇಷ್ಟೇ.

ಗಾಡಿ ಯಾವುದು ಅಂತ ಮೊದಲು ಹೇಳಿಬಿಡ್ತೀನಿ. ಎಚ್‌ಎಂಟಿ 3522. 35 ಎಚ್‌ಪಿ, ಮೂರು ಸಿಲಿಂಡರ್. ಅಪ್ಪನ ಕೈಗಡಿಯಾರವೂ ಎಚ್‌ಎಂಟಿ, ಟ್ರ್ಯಾಕ್ಟರೂ ಎಚ್‌ಎಂಟಿ. ಕಂಪನಿ ಶುರುವಾದದ್ದು 1953ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಆದರೆ ಟ್ರ್ಯಾಕ್ಟರ್ ಮಾಡುತ್ತಿದ್ದದ್ದು ಹರಿಯಾಣದ ಪಿಂಜೋರಿನಲ್ಲಿ. 1971ರಲ್ಲಿ ಚೆಕೊಸ್ಲೊವಾಕಿಯಾದ ಝೆಟರ್ ಟ್ರ್ಯಾಕ್ಟರಿನ ತಂತ್ರಜ್ಞಾನ ತಂದು ಶುರು ಮಾಡಿದ್ದು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗ ಮುಚ್ಚಲು ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿರೋದು 1994ರ ಮಾಡೆಲ್, ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಇದಕ್ಕೆ ಸ್ಪೇರ್ ಹುಡುಕೋದು ಅಂದರೆ ಹೆಣ್ಣು ಹುಡುಕಿದ ಹಾಗೆ, ನಾಲ್ಕು ಊರು ತಿರುಗಬೇಕು. ಹಾಗಾಗಿ ಏನನ್ನೂ ಮುರಿಯದೆ, ಕಳೆಯದೆ ಬಿಚ್ಚಬೇಕು ಅನ್ನೋದು ನಮ್ಮ ಮನೆಯ ಮೊದಲ ನಿಯಮ.

ಮೊದಲ ದಿನ: ಕರೆಂಟಿನ ಕಡೆ

ಬ್ಯಾಟರಿಗೆ ಮೀಟರ್ ಹಿಡಿದೆ. 11.7 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ತೋರಿಸಬೇಕು. 12.2 ಅಂದರೆ ಅರ್ಧ. 11.7 ಅಂದರೆ ಖಾಲಿ ಅಂತಲೇ ಲೆಕ್ಕ. ಮುಚ್ಚಳ ತೆಗೆದು ನೋಡಿದರೆ ಎರಡು ಸೆಲ್ಲಿನಲ್ಲಿ ಪ್ಲೇಟು ನೀರಿನಿಂದ ಮೇಲೆ ಬಂದಿದ್ದವು. ಡಿಸ್ಟಿಲ್ಡ್ ವಾಟರ್ ಹಾಕಿ, ರಾತ್ರಿಯೆಲ್ಲಾ ಚಾರ್ಜಿಗಿಟ್ಟೆ.

ಅದು ಚಾರ್ಜ್ ಆಗುವಷ್ಟರಲ್ಲಿ ಟರ್ಮಿನಲ್ ಕೆಲಸ. ಎರಡೂ ಕೊಂಡಿಗಳ ಮೇಲೆ ಹಸಿರು ಬಿಳಿ ಪುಡಿ, ಉಪ್ಪು ಕಟ್ಟಿದ ಹಾಗೆ. ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಕೊಂಡಿಗಳನ್ನು ಅದ್ದಿದರೆ ನೊರೆ ಉಕ್ಕಿ ಎಲ್ಲಾ ಬಿಟ್ಟುಕೊಳ್ಳುತ್ತದೆ. ಸೋಡಾ ನೀರು ಬ್ಯಾಟರಿ ಒಳಗೆ ಮಾತ್ರ ಬೀಳಬಾರದು. ಆ ಪುಡಿ ಬಟ್ಟೆಗೆ ತಾಗಿದರೆ ತೂತು ಬೀಳುತ್ತದೆ, ನನ್ನ ಪಂಚೆಯೇ ಸಾಕ್ಷಿ.

ಬೆಳಿಗ್ಗೆ ಬ್ಯಾಟರಿ 12.6. ಖುಷಿಯಾಗಿ ಕೀ ತಿರುಗಿಸಿದೆ. ಸೆಲ್ಫ್ ತಿರುಗಿತು, ಆದರೆ ಊಟ ಮಾಡದವನ ಹಾಗೆ. ‘ಊಂ... ಊಂ... ಊಂ...’

ಇಲ್ಲಿ ಎಷ್ಟೋ ಜನ ಹೊಸ ಬ್ಯಾಟರಿ ತರ್ತಾರೆ. ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಬಿಚ್ಚಿ ವೈಂಡಿಂಗಿಗೆ ಕೊಡ್ತಾರೆ. ಅದಕ್ಕೂ ಮೊದಲು ಐದು ನಿಮಿಷದ ಒಂದು ಟೆಸ್ಟ್ ಇದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕೊಂಡಿಯ ಮೇಲಲ್ಲ, ಕಂಬದ ಮೇಲೇ. ಇನ್ನೊಂದು ಕಡ್ಡಿ ಇಂಜಿನ್ನಿನ ಬರಿ ಕಬ್ಬಿಣದ ಮೇಲೆ. ಆಮೇಲೆ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಬೇಕು. ಎರಡೂ ಒಂದೇ ಅರ್ಥ್ ಅಲ್ವಾ, ಹಾಗಾಗಿ ಮೀಟರ್ ಸೊನ್ನೆಯ ಹತ್ತಿರ ಇರಬೇಕು.

“ಅಪ್ಪಾ, ಒಂದ್ಸಲ ಸೆಲ್ಫ್ ಹೊಡಿ.”

1.8 ವೋಲ್ಟ್ ತೋರಿಸಿತು. ಹನ್ನೆರಡರಲ್ಲಿ ಸುಮಾರು ಎರಡು ವೋಲ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ಅರ್ಥ್ ಪಟ್ಟಿ ಹಿಡಿದುಕೊಂಡು ಹೋದೆ. ಅದು ಚಾಸಿಗೆ ಬೋಲ್ಟ್ ಆಗಿರುವ ಕಡೆ ಕೆಳಗೆ ಪೇಂಟು, ಪೇಂಟಿನ ಮೇಲೆ ತುಕ್ಕು, ತುಕ್ಕಿನ ಮೇಲೆ ಗ್ರೀಸು ಧೂಳು. ಎರಡು ವರ್ಷದ ಹಿಂದೆ ಶೋಕಿಗೆ ಚಾಸಿಗೆಲ್ಲಾ ಕಪ್ಪು ಪೇಂಟ್ ಬಳಿದವನು ನಾನೇ. ಬಿಚ್ಚಿ, ಎಮೆರಿ ಪೇಪರಿನಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಮತ್ತೆ ಟೆಸ್ಟ್. 0.2 ವೋಲ್ಟ್. ಸೆಲ್ಫ್ ಈಗ ಗರಗರ ಅಂತ ತಿರುಗಿತು.

ಡೀಸೆಲ್ ಇಂಜಿನ್ನಿಗೆ ಜೋರಾಗಿ ತಿರುಗೋದು ಬಹಳ ಮುಖ್ಯ. ಪೆಟ್ರೋಲ್ ಗಾಡಿ ಥರ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನೈದಿಪ್ಪತ್ತು ಪಟ್ಟು ಒತ್ತಿದಾಗ ಆ ಗಾಳಿಯೇ ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಸಿಡಿದಾಗ ತಾನಾಗೇ ಹತ್ತಿಕೊಳ್ಳುತ್ತದೆ. ಮೆಲ್ಲಗೆ ತಿರುಗಿದರೆ ಆ ಕಾವು ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತದೆ, ಡೀಸೆಲ್ ಸುಮ್ನೆ ಒದ್ದೆ ಮಾಡಿ ಹೋಗುತ್ತದೆ.

ಗರಗರ ತಿರುಗಿತು ಸರಿ, ಸ್ಟಾರ್ಟ್ ಆಯಿತಾ? ಇಲ್ಲ.

ಎರಡನೇ ದಿನ: ಹೊಗೆ ಇಲ್ಲ

ಅಷ್ಟರಲ್ಲಿ ದೊಡ್ಡಪ್ಪ ಬಂದರು. “ಸುಮ್ನೆ ಯಾಕ್ಲಾ ಒದ್ದಾಡ್ತೀಯ, ನಮ್ ಗಾಡಿಗೆ ಹಗ್ಗ ಕಟ್ಟಿ ಎಳ್ಸಾನ. ಇಲ್ಲಾಂದ್ರೆ ಗಾಳಿ ಹೋಗೋ ಕಡೆ ಪೆಟ್ರೋಲ್ ಬಟ್ಟೆ ಹಿಡಿ, ಟಪ್ ಅಂತ ಎದ್ದೇಳ್ತದೆ.”

ಎರಡಕ್ಕೂ ನಾನು ಒಪ್ಪಲಿಲ್ಲ. ಪೆಟ್ರೋಲ್ ಹಬೆ ಬೇಕಾದ ಹೊತ್ತಿಗೆ ಹತ್ತಿಕೊಳ್ಳೋದಿಲ್ಲ, ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಸಿಡಿಯುತ್ತದೆ. ರಿಂಗ್ ಮುರಿದರೆ ಈ ಗಾಡಿಗೆ ರಿಂಗ್ ಎಲ್ಲಿ ಹುಡುಕಲಿ? ಇನ್ನು ಎಳೆಸೋದು ಸೆಲ್ಫ್ ತಿರುಗದಿದ್ದಾಗ ಮಾಡುವ ಕೆಲಸ. ನಮ್ಮದರಲ್ಲಿ ಸೆಲ್ಫ್ ಚೆನ್ನಾಗಿಯೇ ತಿರುಗುತ್ತಿತ್ತು.

“ದೊಡ್ಡಪ್ಪಾ, ಒಂದು ಸಹಾಯ ಮಾಡಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆ ಬರ್ತದಾ ನೋಡಿ.”

ಹತ್ತು ಸೆಕೆಂಡ್ ಹೊಡೆದೆ. ಅದಕ್ಕಿಂತ ಜಾಸ್ತಿ ಒಟ್ಟಿಗೆ ಹೊಡೆದರೆ ಸೆಲ್ಫ್ ಮೋಟಾರ್ ಸುಡುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಬೇಕು.

“ಏನೂ ಇಲ್ಲ ಕಣಪ್ಪ. ಒಲೆ ಹಚ್ಚದಿರೋ ಮನೆ ಥರ ಐತೆ.”

ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ. ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಒಳಗೆ ಹೋಗ್ತಿದೆ, ಆದರೆ ಉರೀತಿಲ್ಲ ಅಂತ ಅರ್ಥ. ಆಗ ಕಂಪ್ರೆಶನ್ ಅಂದರೆ ಗಾಳಿ ಒತ್ತುವ ಬಲ, ಡೀಸೆಲ್ ಸಿಡಿಸುವ ನಾಝಲ್, ಅದು ಸಿಡಿಯುವ ಟೈಮಿಂಗ್ ಕಡೆ ನೋಡಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರಿಗೆ ಮುಟ್ಟುತ್ತಲೇ ಇಲ್ಲ. ಅರ್ಧ ಇಂಜಿನ್ ಲೆಕ್ಕದಿಂದ ಹೊರಗೆ ಹೋಯಿತು. ಇನ್ನು ಟ್ಯಾಂಕಿನಿಂದ ನಾಝಲ್ ತನಕ ಇರುವ ದಾರಿ ಒಂದೇ.

ಮೊದಲು ಸ್ಟಾಪ್ ಕೇಬಲ್. ನಮ್ಮ ಗಾಡಿಯಲ್ಲಿ ಇಂಜಿನ್ ಆಫ್ ಮಾಡೋದು ಕೀಯಿಂದಲ್ಲ, ಒಂದು ಗುಂಡಿ ಎಳೆದು. ಆ ಕೇಬಲ್, ನಾಝಲಿಗೆ ಡೀಸೆಲ್ ಒತ್ತುವ ಮೇನ್ ಪಂಪಿನ ಮೇಲಿನ ಸಣ್ಣ ಲಿವರ್ ಎಳೆದು ಡೀಸೆಲ್ ಕಟ್ ಮಾಡುತ್ತದೆ. ಹಳೇ ಗಾಡಿಯಲ್ಲಿ ಗುಂಡಿ ಒಳಗೆ ಹೋದರೂ ಲಿವರ್ ವಾಪಸ್ ಬರದೆ ಕೂತಿರುತ್ತದೆ. ಕೇಬಲ್ ಕಳಚಿ ಲಿವರನ್ನು ಬೆರಳಲ್ಲಿ ಆಡಿಸಿದೆ. ಸ್ಪ್ರಿಂಗ್ ಟಕ್ ಅಂತ ವಾಪಸ್ ಎಳೆದುಕೊಂಡಿತು. ಸರಿಯಿದೆ.

ಆಮೇಲೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಕೆಳಗಿನ ಬಟ್ಟಲು. ಬಿಚ್ಚಿದೆ. ಒಳಗೆ ಡೀಸೆಲ್ ಬಣ್ಣವೇ ಇರಲಿಲ್ಲ. ಕಾಫಿ ಬಣ್ಣದ ನೀರು, ಅದರ ಮೇಲೆ ಬೆಂಡೆಕಾಯಿ ಲೋಳೆಯಂಥದ್ದು. ಬಟ್ಟಲಿನೊಳಗಿನ ಸಣ್ಣ ಜಾಲರಿಗೆ ಆ ಲೋಳೆ ಪೂರ್ತಿ ಮೆತ್ತಿಕೊಂಡಿತ್ತು. ನಾಲ್ಕು ತಿಂಗಳು ಟ್ಯಾಂಕ್ ಅರ್ಧ ಖಾಲಿ ಇಟ್ಟು ನಿಲ್ಲಿಸಿದ್ದೆವಲ್ಲ. ಹಗಲು ಬಿಸಿ, ರಾತ್ರಿ ಚಳಿ. ಖಾಲಿ ಜಾಗದ ಗಾಳಿಯ ತೇವ ತಗಡಿನ ಮೇಲೆ ಬೆವರಿ ಕೆಳಗಿಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳ ಸೇರುತ್ತದೆ. ನೀರು, ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ. ಆ ಲೋಳೆ ಅವುಗಳದ್ದೇ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆ. ಸುಮಾರು 18 ಲೀಟರ್ ಬಂತು. ಒಂದು ಗಾಜಿನ ಬಾಟಲಿಗೆ ಹಿಡಿದು ಕಿಟಕಿಯಲ್ಲಿಟ್ಟೆ. ಸಂಜೆ ನೋಡಿದರೆ ತಳದಲ್ಲಿ ಎರಡು ಬೆರಳು ನೀರು. ಅಪ್ಪ ಆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಏನೂ ಅನ್ನಲಿಲ್ಲ. ಜನವರಿಯಲ್ಲಿ ಗಾಡಿ ನಿಲ್ಲಿಸಿದಾಗ “ಟ್ಯಾಂಕ್ ತುಂಬ್ಸಿ ನಿಲ್ಸು” ಅಂದಿದ್ದರು, ನಾನು ಆಮೇಲೆ ನೋಡೋಣ ಅಂದಿದ್ದೆ.

ಟ್ಯಾಂಕ್ ತೊಳೆದು ಒಣಗಿಸಿ, ಎರಡು ಫಿಲ್ಟರೂ ಹೊಸದು ಹಾಕಿದೆ. ಒಂದು ಬಟ್ಟೆಯದು, ಒಂದು ಪೇಪರಿನದು. ಪುಣ್ಯಕ್ಕೆ ಇವು ಎಲ್ಲಾ ಕಡೆ ಸಿಗ್ತವೆ. ವಾಷರ್ ಎಲ್ಲಾ ಸೇರಿ 640 ರೂಪಾಯಿ. ಬಂಕಿನಿಂದ ಕ್ಯಾನಿನಲ್ಲಿ ಹೊಸ ಡೀಸೆಲ್ ತಂದು ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಸುರಿದೆ. ಮುಚ್ಚಳ ತೆಗೆದು ಮಡ್‌ಗಾರ್ಡ್ ಮೇಲಿಟ್ಟಿದ್ದೆ, ಟ್ಯಾಂಕಿನ ಬಾಯಿಗೆ ಆ ಸೋಸಿದ ಬಟ್ಟೆಯೇ ಮುಚ್ಚಿದ್ದೆ. ಇದನ್ನು ಯಾಕೆ ಹೇಳ್ತಿದೀನಿ ಅಂತ ಆಮೇಲೆ ಗೊತ್ತಾಗುತ್ತದೆ.

ಈಗ ಏರ್ ತೆಗೆಯುವ ಕೆಲಸ. ಪೈಪಿನೊಳಗೆ ಗಾಳಿ ಇದ್ದರೆ ಪಂಪ್ ಎಷ್ಟು ಒತ್ತಿದರೂ ಗಾಳಿ ಕುಗ್ಗಿ ಹಿಗ್ಗುತ್ತದೆ ಅಷ್ಟೆ, ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟೋದಿಲ್ಲ. ಫೀಡ್ ಪಂಪಿನ ಮೇಲಿರುವ ಕೈ ಪಂಪಿನ ಗುಂಡಿ ಬಿಚ್ಚಿ ಮೇಲೆ ಕೆಳಗೆ ಒತ್ತುತ್ತಾ, ಮೊದಲ ಫಿಲ್ಟರಿನ ಮೇಲಿನ ಸ್ಕ್ರೂ ಸ್ವಲ್ಪ ಸಡಿಲ ಬಿಟ್ಟೆ. ಬುಸುಬುಸು ನೊರೆ. ನೊರೆ ನಿಂತು ಡೀಸೆಲ್ ಧಾರೆ ಬರುವ ತನಕ ಒತ್ತಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿದೆ. ಆಮೇಲೆ ಎರಡನೇ ಫಿಲ್ಟರ್. ಆಮೇಲೆ ಮೇನ್ ಪಂಪಿನ ಸ್ಕ್ರೂ. ಟ್ಯಾಂಕಿನಿಂದ ಮುಂದಕ್ಕೆ, ಇದೇ ಕ್ರಮದಲ್ಲಿ ಹೋಗಬೇಕು. ಹಿಂದುಮುಂದು ಮಾಡಿದರೆ ಮತ್ತೆ ಮೊದಲಿಂದ.

ಎರಡನೇ ಫಿಲ್ಟರಿನ ಬೋಲ್ಟಿನ ಹತ್ತಿರ ಎಷ್ಟು ಬಿಗಿದರೂ ಡೀಸೆಲ್ ಜಿನುಗುತ್ತಿತ್ತು. ಅಂಗಡಿಯವನು ಕೊಟ್ಟ ವಾಷರಿನಲ್ಲಿ ಒಂದು ಸೈಜ್ ತಪ್ಪಿತ್ತು. ಹಳೇ ತಾಮ್ರದ ವಾಷರೇ ಗತಿ. ಆದರೆ ಹಳೇ ತಾಮ್ರ ಬಿಗಿದು ಬಿಗಿದು ಗಟ್ಟಿಯಾಗಿರುತ್ತದೆ, ಹೊಂದಿಕೊಳ್ಳೋದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಅಡುಗೆ ಮನೆಗೆ ಹೋಗಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ, ನೀರಿಗೆ ಹಾಕಿದೆ. ಚುಯ್ ಅಂತು. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಅಮ್ಮ ಬಂದು ನೋಡಿದರು. “ಅನ್ನ ಮಾಡೋ ಒಲೆ ಮೇಲೆ ಡೀಸೆಲ್ ವಾಸ್ನೆ ಹಿಡಿಸ್ಬ್ಯಾಡ ಮಾರಾಯ. ಇವತ್ತು ಸಾರಲ್ಲೂ ಅದೇ ವಾಸ್ನೆ ಬರ್ತದೆ ನೋಡು.” ನಿಜವಾಗಿಯೂ ಬಂತು. ಆದರೆ ಜಿನುಗೋದು ನಿಂತಿತು.

ಕೊನೆಗೆ ನಾಝಲ್ ಹತ್ತಿರದ ಮೂರು ಪೈಪಿನ ನಟ್ ಒಂದೊಂದು ಸುತ್ತು ಸಡಿಲಿಸಿ, ರೇಸ್ ಪೂರ್ತಿ ಕೊಟ್ಟು, ಸೆಲ್ಫ್ ಹೊಡೆಸಿದೆ. ಮೊದಲು ನೊರೆ, ಆಮೇಲೆ ಒಂದೊಂದರಲ್ಲೂ ಪಿಚಕ್ ಪಿಚಕ್ ಅಂತ ಡೀಸೆಲ್. ನಟ್ ಬಿಗಿದೆ. ಈ ಕೆಲಸ ಮಾಡುವಾಗ ಕೈ, ಮುಖ ದೂರ ಇರಲಿ. ನಾಝಲಿನಿಂದ ಸಿಡಿಯುವ ಡೀಸೆಲ್ಲಿನ ಒತ್ತಡ ನೂರೈವತ್ತು ಇನ್ನೂರು ಬಾರ್ ಇರುತ್ತದೆ, ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ನೋಡೋಕೆ ಸೂಜಿ ಚುಚ್ಚಿದಷ್ಟೇ ಗಾಯ, ಆದರೆ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಮತ್ತೆ ಸೆಲ್ಫ್. ಎರಡು ಸುತ್ತಿಗೆ ಬಿಳಿ ಹೊಗೆ, ನಾಲ್ಕನೇ ಸುತ್ತಿಗೆ ಒಂದು ಸಿಲಿಂಡರ್ ‘ಢಬ್’ ಅಂತು, ಆಮೇಲೆ ಇನ್ನೊಂದು. ಶೆಡ್ಡಿನಲ್ಲಿದ್ದ ಕೋಳಿಗಳೆಲ್ಲಾ ಹಾರಿದವು. ಕಪ್ಪು ಹೊಗೆ ಒಂದು ಸಲ ಕಕ್ಕಿ ಇಂಜಿನ್ ಲಯಕ್ಕೆ ಬಂತು. ಅರ್ಧ ಗಂಟೆ ಓಡಿಸಿದೆ. ಒಂದು ಸಲವೂ ಕೆಮ್ಮಲಿಲ್ಲ. ಅಪ್ಪ ಬೀಡಿ ಹಚ್ಚಿದರು. ಡೀಸೆಲ್ ಹತ್ತಿರ ಬೇಡ ಅಂತ ಹೊರಗೆ ಕಳಿಸಿದೆ.

ಮೂರನೇ ದಿನ: ಮತ್ತೆ ನಿಂತಿತು

“ಹದ ಇದ್ದಾಗ ಡೀಸೆಲ್ ತರೋಕೆ ಓಡಾಡ್ಬಾರ್ದು, ತುಂಬ್ಸಿಬಿಡು” ಅಂದರು ಅಪ್ಪ. ಟ್ಯಾಂಕ್ ಕಂಠಪೂರ್ತಿ ತುಂಬಿಸಿ, ಮುಚ್ಚಳ ಗಟ್ಟಿಯಾಗಿ ಬಿಗಿದು, ಒಂಬತ್ತು ಹಲ್ಲಿನ ಕಲ್ಟಿವೇಟರ್ ಹಾಕಿಕೊಂಡು ಹೊಲಕ್ಕೆ ಹೊರಟೆ. ಮಣ್ಣು ಒಳ್ಳೇ ಹದಕ್ಕೆ ಬಂದಿತ್ತು. ಮುಷ್ಟಿಯಲ್ಲಿ ಹಿಡಿದರೆ ಉಂಡೆ, ಬೆರಳಲ್ಲಿ ಒತ್ತಿದರೆ ಪುಡಿ.

ಇಪ್ಪತ್ತು ನಿಮಿಷ ಆಗಿರಬೇಕು. ತಿರುವಿನಲ್ಲಿ ರೇಸ್ ಕೊಟ್ಟರೆ ಇಂಜಿನ್ ಏಳಲಿಲ್ಲ. ಸದ್ದು ಸಣ್ಣಗಾಗ್ತಾ ಆಗ್ತಾ, ಉಸಿರು ಕಟ್ಟಿದವರ ಹಾಗೆ ಎರಡು ಸಲ ಬಿಕ್ಕಿ ನಿಂತಿತು. ಸೆಲ್ಫ್ ಹೊಡೆದರೆ ತಿರುಗುತ್ತೆ, ಹತ್ತೋದಿಲ್ಲ. ಹೊಗೆ ಇಲ್ಲ.

ಏರ್ ತಗೊಂಡಿದೆ ಅಂದುಕೊಂಡೆ. ಅದೇ ಮೆತ್ತಗೆ ಮಾಡಿದ ವಾಷರ್ ಕೈ ಕೊಟ್ಟಿರಬೇಕು. ಹೊಂಗೆ ಮರದ ನೆರಳಿನಲ್ಲಿ ಸ್ಪ್ಯಾನರ್ ಹುಡುಕಿ, ಬುತ್ತಿ ಬಿಚ್ಚಿ ತಿಂದು, ಬೈಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆ. ಸುಮ್ನೆ ಒಂದು ಸಲ ಸೆಲ್ಫ್ ಹೊಡೆದೆ. ಗಾಡಿ ಎದ್ದಿತು! ಏನೂ ಮಾಡಿರಲಿಲ್ಲ ನಾನು. ಮತ್ತೆ ಹತ್ತು ನಿಮಿಷ ಉಳುಮೆ. ಮತ್ತೆ ಅದೇ ಬಿಕ್ಕಳಿಕೆ.

ಈ ಸಲ ಕೂಡಲೇ ಕೈ ಪಂಪ್ ಒತ್ತಿದೆ. ಗುಂಡಿ ಮೇಲೆಳೆದರೆ ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಕೈ ಬಿಟ್ಟರೆ ತಾನಾಗಿ ಕೆಳಗೆ ಇಳಿಯುತ್ತಿತ್ತು. ಫಿಲ್ಟರಿನ ಸ್ಕ್ರೂ ಬಿಚ್ಚಿದೆ, ನೊರೆಯೂ ಇಲ್ಲ, ಡೀಸೆಲ್ಲೂ ಇಲ್ಲ. ಇಲ್ಲೇ ನನಗೆ ಹೊಳೆಯಬೇಕಿತ್ತು. ಗಾಳಿ ಎಳೆಯುತ್ತಿದ್ದರೆ ಗುಂಡಿ ಸಡಿಲವಾಗಿ ಆಡುತ್ತದೆ, ನೊರೆ ಬರುತ್ತದೆ. ಬಿಗಿಯಾಗಿ ಹಿಡಿದುಕೊಂಡರೆ ಹಿಂದೆ ಎಲ್ಲೋ ದಾರಿ ಕಟ್ಟಿದೆ ಅಂತ. ಎರಡೂ ತದ್ವಿರುದ್ಧ ಕಾಯಿಲೆ. ನಾನು ಮಾತ್ರ ಏರ್, ಏರ್ ಅಂತ ಅದೇ ಜಪ. ಪೈಪು ಬಿಚ್ಚಿ ಊದಿ ನೋಡಿದೆ, ಸರಾಗ ಇತ್ತು. ಜಾಲರಿ ಕ್ಲೀನ್ ಇತ್ತು. ಅಷ್ಟು ಹೊತ್ತಿಗೆ ಮತ್ತೆ ಗಾಡಿ ಎದ್ದಿತು, ಮನೆ ತನಕ ಬಂತು.

ಸಂಜೆ ಟೌನಿನ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ, “ಬಿಸಿ ಆದ್ಮೇಲೆ ನಿಲ್ತಾ ಇದೆ, ತಣ್ಣಗಾದ್ಮೇಲೆ ಎದ್ದೇಳ್ತಾ ಇದೆ ಅಲ್ವಾ? ಪಂಪಿನ ಎಲಿಮೆಂಟ್ ಹೋಗಿದೆ ಅಣ್ಣಾ. ಬಿಚ್ಕೊಂಡು ಬನ್ನಿ, ಒಂಬತ್ತು ಹತ್ತು ಸಾವಿರ ಆಗ್ಬೋದು, ನಾಲ್ಕು ದಿನ ಬೇಕು” ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಎಲಿಮೆಂಟ್ ಅಂದರೆ ಮೇನ್ ಪಂಪಿನೊಳಗೆ ಡೀಸೆಲ್ ಒತ್ತುವ ಭಾಗ, ಅದು ಸವೆದ ಪಂಪು ಬಿಸಿಯಾದಾಗ ಹೀಗೇ ಮಾಡುತ್ತದೆ. ಕಾದ ಡೀಸೆಲ್ ತೆಳ್ಳಗಾಗಿ ಸಂದಿಯಲ್ಲಿ ಹಿಂದಕ್ಕೆ ಸೋರುತ್ತದೆ. ನಮ್ಮದು ಮೈಕೋ ಪಂಪು, ಮೂವತ್ತು ವರ್ಷದ್ದು. ಬೆಂಗಳೂರಿನ ಆ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಆಯಿತು, ಆದರೂ ನಮ್ಮೂರಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಸವೆದಿದ್ದರೂ ಆಶ್ಚರ್ಯ ಇಲ್ಲ ಅನ್ನಿಸಿತು. ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ, ನಾಲ್ಕು ದಿನ ಅಂದರೆ ಹದ ಹೋಯಿತು.

ನಾಲ್ಕನೇ ದಿನ: ಅಪ್ಪನ ಕೋಲು

ಬೆಳಿಗ್ಗೆ ಆರಕ್ಕೇ ಪಂಪ್ ಬಿಚ್ಚಲು ನಿಂತೆ. ಪಂಪ್ ಬಿಚ್ಚುವ ಮೊದಲು ಅದರ ಫ್ಲ್ಯಾಂಜಿಗೂ ಇಂಜಿನ್ನಿಗೂ ಸೇರಿಸಿ ಉಳಿಯಲ್ಲಿ ಒಂದು ಗೀರು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಟೈಮಿಂಗ್ ತಪ್ಪುತ್ತದೆ. ಗೀರು ಹಾಕಿ, ಇಂಜಿನ್ ಒಂದು ಸಲ ಕೊನೆಯದಾಗಿ ಓಡಿಸಿ ನೋಡೋಣ ಅಂತ ಸ್ಟಾರ್ಟ್ ಮಾಡಿದೆ. ರೇಸಿನಲ್ಲಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿಕ್ಕಿ ನಿಂತಿತು.

“ಡೀಸೆಲ್ ಎಷ್ಟೈತೆ ನೋಡ್ದೇನ್ಲಾ?” ಅಂತ ಅಪ್ಪ.

“ನೆನ್ನೆ ತುಂಬಿಸಿದೀವಲ್ಲಪ್ಪಾ.”

“ಆದ್ರೂ ನೋಡು.” ನಮ್ಮ ಗಾಡಿಯ ಡೀಸೆಲ್ ಮೀಟರ್ ಕೆಲಸ ಬಿಟ್ಟು ಯಾವ ಕಾಲ ಆಯಿತೋ. ಅಳತೆಗೆ ಅಪ್ಪ ಒಂದು ಬಿದಿರು ಕಡ್ಡಿ ಇಟ್ಟಿದ್ದಾರೆ, ಚಾಕುವಿನಲ್ಲಿ ಗೆರೆ ಹಾಕಿ. ನಾನು ಏಳದಿದ್ದದ್ದು ನೋಡಿ ಅವರೇ ಕಡ್ಡಿ ಹಿಡಿದು ಹೋಗಿ ಮುಚ್ಚಳ ತಿರುಗಿಸಿದರು. ಮುಚ್ಚಳ ಬರಲೊಲ್ಲದು. ಎರಡೂ ಕೈ ಹಾಕಿ ತಿರುಗಿಸಿದರು.

‘ಸ್ಸ್ಸ್ಸ್ಸ್...’

ಟ್ಯಾಂಕ್ ಗಾಳಿಯನ್ನು ಒಳಗೆ ಎಳೆದುಕೊಂಡಿತು. ಆ ಸದ್ದು ನಾಲ್ಕು ಸೆಕೆಂಡ್ ಇತ್ತು. ನಾನು ಸ್ಪ್ಯಾನರ್ ಕೆಳಗಿಟ್ಟೆ.

ಅಡುಗೆ ಎಣ್ಣೆ ಟಿನ್ನಿಗೆ ಅಂಗಡಿಯವನು ಯಾವಾಗಲೂ ಎರಡು ತೂತು ಹೊಡೀತಾನೆ. ಒಂದರಲ್ಲಿ ಎಣ್ಣೆ ಬರೋಕೆ, ಇನ್ನೊಂದರಲ್ಲಿ ಗಾಳಿ ಹೋಗೋಕೆ. ಟ್ಯಾಂಕಿಗೆ ಆ ಎರಡನೇ ತೂತು ಇರೋದು ಮುಚ್ಚಳದಲ್ಲಿ. ಮುಚ್ಚಳದ ಮೇಲೆ ಸಣ್ಣ ಗುಬುಟು, ಅದರ ಬದಿಯಲ್ಲಿ ಕಡ್ಲೆಕಾಳು ಹಿಡಿಯದಷ್ಟು ಸಣ್ಣ ತೂತು. ತಿರುಗಿಸಿ ನೋಡಿದರೆ ತೂತಿನ ಜಾಗದಲ್ಲಿ ಕೆಮ್ಮಣ್ಣು, ನುಣ್ಣಗೆ ಸಾರಿಸಿದ ಹಾಗೆ. ಸೈಕಲ್ ಸ್ಪೋಕ್ ತಂದು ಕೆರೆದೆ. ಒಣ ಮಣ್ಣು ಉದುರಿತು, ಅದರ ಹಿಂದೆ ಅರಿಶಿನ ಹಸಿರು ಬಣ್ಣದ ಸಣ್ಣ ಹುಳು ಒಂದು, ಎರಡು, ಮೂರು... ಒಟ್ಟು ಏಳು. ಸತ್ತಿರಲಿಲ್ಲ. ಮುಟ್ಟಿದರೆ ಸ್ವಲ್ಪ ಅಲುಗುತ್ತಿದ್ದವು, ಓಡಲು ಆಗುತ್ತಿರಲಿಲ್ಲ.

ಕುಂಬಾರ ಹುಳದ ಕೆಲಸ. ತೂತು ಕಂಡರೆ ಬಿಡೋದಿಲ್ಲ ಅದು. ಒಳಗೆ ಮೊಟ್ಟೆ ಇಟ್ಟು, ಕಂಬಳಿ ಹುಳುಗಳನ್ನು ಕುಟುಕಿ ಮರಗಟ್ಟಿಸಿ ತಂದು ತುಂಬಿ, ಬಾಯಿಗೆ ಕೆಸರು ಮೆತ್ತಿ ಹೋಗುತ್ತದೆ. ಮರಿ ಹೊರಗೆ ಬಂದಾಗ ತಾಜಾ ಊಟ ರೆಡಿ. ನಾಲ್ಕು ತಿಂಗಳು ಅಲುಗದೆ ನಿಂತ ಟ್ರ್ಯಾಕ್ಟರ್ ಅದಕ್ಕೆ ಬಾಡಿಗೆ ಇಲ್ಲದ ಮನೆ.

ಎಲ್ಲಾ ಒಂದೊಂದಾಗಿ ಕೂತುಕೊಂಡಿತು. ಎರಡನೇ ದಿನ ಶೆಡ್ಡಿನಲ್ಲಿ ಅರ್ಧ ಗಂಟೆ ಕೆಮ್ಮದೆ ಓಡಿದ್ದು ಯಾಕೆ? ಮುಚ್ಚಳ ಮಡ್‌ಗಾರ್ಡ್ ಮೇಲಿತ್ತು, ಟ್ಯಾಂಕಿನ ಬಾಯಲ್ಲಿ ಬರೀ ಬಟ್ಟೆ. ಹೊಲದಲ್ಲಿ ನಿಂತದ್ದು ಯಾಕೆ? ಮುಚ್ಚಳ ನಾನೇ ಗಟ್ಟಿಯಾಗಿ ಬಿಗಿದಿದ್ದೆ. ಅರ್ಧ ಗಂಟೆಗೆ ತಾನಾಗಿ ಎದ್ದದ್ದು ಇಂಜಿನ್ ತಣ್ಣಗಾಗಿದ್ದಕ್ಕಲ್ಲ, ಹಳೇ ರಬ್ಬರ್ ವಾಷರಿನ ಸಂದಿಯಲ್ಲಿ ಗಾಳಿ ನಿಧಾನವಾಗಿ ಒಳಗೆ ಇಳಿದದ್ದಕ್ಕೆ. ಟ್ಯಾಂಕ್ ಕಂಠಪೂರ್ತಿ ತುಂಬಿದ್ದು ಇನ್ನೂ ಕೆಟ್ಟದಾಯಿತು. ಅರ್ಧ ಖಾಲಿ ಟ್ಯಾಂಕಿನಲ್ಲಿ ಇಪ್ಪತ್ತು ಲೀಟರ್ ಗಾಳಿ ಇರುತ್ತದೆ, ಒಂದು ಲೀಟರ್ ಡೀಸೆಲ್ ಹೋದರೆ ಆ ಗಾಳಿ ಸ್ವಲ್ಪ ಹಿಗ್ಗುತ್ತದೆ ಅಷ್ಟೆ. ತುಂಬಿದ ಟ್ಯಾಂಕಿನಲ್ಲಿ ಇದ್ದದ್ದೇ ನಾಲ್ಕೈದು ಲೀಟರ್ ಜಾಗ. ಒಂದು ಲೀಟರ್ ಹೋದರೆ ಒಳಗೆ ಎಳೆತ ಜೋರಾಗುತ್ತದೆ, ಮೂವತ್ತು ವರ್ಷದ ಫೀಡ್ ಪಂಪು ಅದರ ಎದುರು ಎಳೆಯಲಾಗದೆ ಸೋಲುತ್ತದೆ.

ಪಂಪು ಪಾಪ, ಏನೂ ಮಾಡಿರಲಿಲ್ಲ. ಅದರ ಮೇಲೆ ನಾನು ಹಾಕಿದ ಉಳಿ ಗೀರು ಮಾತ್ರ ಉಳಿಯಿತು.

ತೂತು ಪೂರ್ತಿ ಕೆರೆದು, ಊದಿ ನೋಡಿ, ಹಳೇ ಟೀ ಸೋಸುವ ಜಾಲರಿಯಿಂದ ಸಣ್ಣ ತುಂಡು ಕತ್ತರಿಸಿ ಗುಬುಟಿನ ಮೇಲೆ ತಂತಿಯಲ್ಲಿ ಕಟ್ಟಿದೆ. ಎಂಟು ಗಂಟೆಗೆ ಹೊಲದಲ್ಲಿದ್ದೆ. ಮಧ್ಯಾಹ್ನ ಎರಡರ ತನಕ ಇಂಜಿನ್ ಒಂದು ಸಲ ಬಿಕ್ಕಲಿಲ್ಲ. ಮೇಲ್ಮಣ್ಣು ಆಗಲೇ ಒಣಗಿ ಧೂಳೇಳುತ್ತಿತ್ತು, ಆದರೂ ಹಲ್ಲು ಇಳಿದ ಕಡೆ ಕಪ್ಪಗೆ ತೇವ ಇತ್ತು. ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ನಕ್ಕು, “ಮುಚ್ಚಳ ತೆಗೆದು ನೋಡಿ ಅಂತ ನಾನು ಹೇಳ್ಬೇಕಿತ್ತು ಅಣ್ಣಾ” ಅಂದರು. ಒಳ್ಳೇ ಮನುಷ್ಯ.

ಇನ್ನೊಂದು ಕೆಲಸ ಬಾಕಿ ಇದೆ. ನಮ್ಮ ಗಾಡಿಯಲ್ಲಿ ಗೇರ್ ಹಾಕಿದ್ದರೂ ಸೆಲ್ಫ್ ಹೊಡೆಯುತ್ತದೆ. ನ್ಯೂಟ್ರಲ್ ಇದ್ದರೆ ಮಾತ್ರ ಹೊಡೆಯುವ ಸ್ವಿಚ್ಚನ್ನು ಹಿಂದಿನ ಯಜಮಾನರು ಯಾವಾಗಲೋ ನೇರ ಜೋಡಿಸಿಬಿಟ್ಟಿದ್ದಾರೆ. ಈ ನಾಲ್ಕು ದಿನ ನಾನು ಪ್ರತಿ ಸಲ ನೆಲದಲ್ಲಿ ನಿಂತು ಸೆಲ್ಫ್ ಹೊಡೆಸುವಾಗ ಚಕ್ರಕ್ಕೆ ಕಲ್ಲು ಇಟ್ಟು, ಗೇರ್ ಎರಡು ಸಲ ಅಲ್ಲಾಡಿಸಿ ನೋಡುತ್ತಿದ್ದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕೆಳಗಿನಿಂದ ಸೆಲ್ಫ್ ಹೊಡೆಯುವ ಚಾಳಿ ನಮ್ಮೂರಲ್ಲಿ ಬಹಳ. ಗೇರಿನಲ್ಲಿದ್ದರೆ ಹಿಂದಿನ ಚಕ್ರ ನಮ್ಮ ಮೇಲೇ ಬರುತ್ತದೆ. ಬಿತ್ತನೆ ಮುಗಿದ ಮೇಲೆ ಆ ಸ್ವಿಚ್ ಸರಿ ಮಾಡಬೇಕು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಕುಂಬಾರ ಹುಳ ಬಂದಿತ್ತು. ಸೊಂಟ ದಾರದಷ್ಟು ಸಣ್ಣ, ಬಾಯಲ್ಲಿ ಒಂದು ಉಂಡೆ ಕೆಸರು. ಮುಚ್ಚಳದ ಜಾಲರಿ ಮೇಲೆ ಕೂತು ಸುತ್ತ ಒಂದು ಸಲ ನಡೆದು ನೋಡಿತು. ಅಲ್ಲಿಂದ ಹಾರಿ ಟೂಲ್ ಬಾಕ್ಸಿನ ಕೀ ತೂತು ನೋಡಿತು. ಆಮೇಲೆ ಸೈಲೆನ್ಸರಿನ ಬಾಯಿ ಮೇಲೆ ಹೋಗಿ ಕೂತಿತು. ನಾನು ಹಿತ್ತಲಿಗೆ ಹೋಗಿ ಒಂದು ತೆಂಗಿನ ಚಿಪ್ಪು ತಂದು ಅದಕ್ಕೆ ಕವುಚಿ ಹಾಕಿದೆ.